ಅಬ್ಬಾ ಮುಂದೆ ಕೂತು ನೋಡಿದ ನಾಟಕ

ಹೋದ ವಾರ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಬಾಡಿಗೆ ಡ್ರೆಸ್ಸು ಬಂತು. ಕೊರಟಗೆರೆಯ ಈ ಹೈಸ್ಕೂಲಿಗೆ ನಾನು ಕನ್ನಡ ಮೇಡಂ ಆಗಿ ಬಂದಾಗಿನಿಂದ ಪ್ರತಿವರ್ಷವೂ ಬರುವುದು ಪ್ಲಾಸ್ಟಿಕ್ ಕಿರೀಟ ಮತ್ತು ಜರಿಕಾಗದ ಅಂಟಿಸಿದ ಥರ್ಮೋಕೋಲಿನ ಗದೆ. ಅವುಗಳಿಗೆ ಹೊಸ ಕವರಿನ ವಾಸನೆ ಬಿಟ್ಟರೆ ಬೇರೆ ವಾಸನೆಯೇ ಇಲ್ಲ. ಈ ಸಲ ಯಾರೋ ಪುಣ್ಯಾತ್ಮರು ಯಾವುದೋ ಮೂಲೆಯಲ್ಲಿದ್ದ ಹಳೆಯ ತಗಡಿನ ಟ್ರಂಕನ್ನೇ ಕಳಿಸಿಬಿಟ್ಟಿದ್ದರು. ಮುಚ್ಚಳ ಎತ್ತಿದೆ. ನುಸಿಗುಳಿಗೆ, ಹಳೇ ಮಖಮಲ್ಲು, ಯಾರ್ಯಾರದೋ ಒಣಗಿದ ಬೆವರು, ಬಣ್ಣ ಒರೆಸಿದ ಕೊಬ್ಬರಿ ಎಣ್ಣೆ, ಎಲ್ಲ ಕಲಸಿದ ವಾಸನೆ ಮುಖಕ್ಕೆ ಬಡಿಯಿತು. ಒಂಬತ್ತನೇ ಕ್ಲಾಸಿನ ಹುಡುಗಿಯರು "ಅಯ್ಯೋ, ಗಬ್ಬು ಮೇಡಂ" ಎಂದು ಮೂಗು ಮುಚ್ಚಿಕೊಂಡು ಆಚೆ ಓಡಿದರು. ನಾನು ಸ್ಟೋರ್ ರೂಮಿನ ನೆಲದ ಮೇಲೆ ಹಾಗೇ ಕೂತುಬಿಟ್ಟೆ. ಬೆಲ್ಲು ಹೊಡೆದದ್ದೂ ತಿಳಿಯಲಿಲ್ಲ. ಹೆಡ್‌ಮಾಸ್ಟರು ಬಂದು "ಏನ್ ಮೇಡಂ, ಬಿಪಿ ಏನಾದ್ರೂ ಹೆಚ್ಚುಕಮ್ಮಿ ಆಯ್ತಾ?" ಎಂದು ಕೇಳಿದರು. ಇಲ್ಲ ಸಾರ್, ನಮ್ಮ ಅಪ್ಪ ನೆನಪಾದರು ಎಂದೆ.

ಸಿರಾದಲ್ಲಿ ನಮ್ಮದು ನಾಟಕದ ಡ್ರೆಸ್ಸಿನ ಅಂಗಡಿ. ಬೋರ್ಡು ಗೀರ್ಡು ಇರಲಿಲ್ಲ. ಬಾಗಿಲಿಗೆ ಒಂದು ಹಳೇ ಕಿರೀಟ ತೂಗುಹಾಕಿದ್ದರು, ಅದೇ ಗುರುತು. ಕಡಲೆಕಾಯಿ ಕಿತ್ತು ಹೊಲಗಳು ಖಾಲಿ ಬಿದ್ದ ಮೇಲೆ ಈ ಸೀಮೆಯ ಹಳ್ಳಿಗಳಿಗೆ ನಾಟಕದ ಹುಚ್ಚು ಹತ್ತುತ್ತದೆ. ಶಿವರಾತ್ರಿಯಿಂದ ಮುಂಗಾರು ಬೀಳುವ ತನಕ ಅಬ್ಬಾಗೆ ಪುರುಸೊತ್ತಿಲ್ಲ. ಪಾವಗಡದಿಂದ ಬುಕ್ಕಾಪಟ್ಟಣದವರೆಗೆ ಅವರು 'ಡ್ರೆಸ್ ಸಾಬ್ರು'. ಮನೆಯಲ್ಲಿ ನಮ್ಮದು ಉರ್ದು. ಅಂಗಡಿಯ ಮೆಟ್ಟಿಲು ಹತ್ತಿದರೆ ಮಾತ್ರ ಅಬ್ಬಾ ನನ್ನ ಜೊತೆಗೂ ಕನ್ನಡವನ್ನೇ ಆಡುತ್ತಿದ್ದರು, ಅದೂ ಹಳ್ಳಿಯವರ ಕನ್ನಡ. ರಾಜನ ಅಂಗಿಗೆ ಉರ್ದು ತಿಳಿಯುವುದಿಲ್ಲ ಎಂದು ನಗುತ್ತಿದ್ದರು.

ಅಬ್ಬಾರದು ಒಂದು ಕಟ್ಟುನಿಟ್ಟಿನ ನೇಮ ಇತ್ತು. ಬಣ್ಣ ಹಚ್ಚುವಾಗ, ಕಚ್ಚೆ ಕಟ್ಟುವಾಗ ಪಾತ್ರಧಾರಿಯನ್ನು ಏನು ಬೇಕಾದರೂ ಬೈಯಬಹುದು. "ಲೇ, ಹೊಟ್ಟೆ ಎಳ್ಕಳ್ಲಾ, ಡಾಬು ಬಿಗಿಯಾಕಿಲ್ಲ" ಎಂದು ಗುದ್ದುತ್ತಲೇ ಕಟ್ಟುತ್ತಿದ್ದರು. ತಲೆಯ ಮೇಲೆ ಕಿರೀಟ ಕೂತಿತೋ, ಮುಗಿಯಿತು. ಆಮೇಲೆ ಏಕವಚನವಿಲ್ಲ, ಹೆಸರು ಹಿಡಿದು ಕರೆಯುವುದಿಲ್ಲ. ಅಬ್ಬಾ ಎರಡು ಹೆಜ್ಜೆ ಹಿಂದೆ ಸರಿದು "ಅಪ್ಪಣೆ, ಪ್ರಭು" ಎನ್ನುತ್ತಿದ್ದರು. ಪ್ರಭು ಬೆಳಗ್ಗೆ ತಾನೇ ನಮ್ಮಂಗಡಿ ಮುಂದೆ ಮೂಟೆ ಇಳಿಸಿ ಹೋದವನಾಗಿರುತ್ತಿದ್ದ. ಅವನು ಒಂದು ಸಲ ಮೀಸೆ ಮುಟ್ಟಿಕೊಂಡು, ಗಂಭೀರವಾಗಿ ತಲೆಯಾಡಿಸಿ ರಂಗಕ್ಕೆ ಹೋಗುತ್ತಿದ್ದ. ಇದನ್ನು ನೋಡಿ ಅಮ್ಮಿ ಸೆರಗು ಬಾಯಿಗೆ ಅಡ್ಡ ಹಿಡಿದು ನಗುತ್ತಿದ್ದಳು. ಅಬ್ಬಾ ಮಾತ್ರ ಒಂದು ದಿನವೂ ನಕ್ಕವರಲ್ಲ.

ನಾನು ಹೇಳುತ್ತಿರುವುದು ನನ್ನ ಬಿ.ಎಡ್ ಮುಗಿದು, ಮೇಷ್ಟ್ರ ನೇಮಕಾತಿ ಪಟ್ಟಿಗಾಗಿ ಕಾಯುತ್ತ ಕೂತಿದ್ದ ವರ್ಷದ ಮಾತು. ಸಂಕ್ರಾಂತಿ ಕಳೆದ ಮೇಲೆ ಅಬ್ಬಾರನ್ನು ತುಮಕೂರಿಗೆ ಕಣ್ಣು ತೋರಿಸಲು ಕರೆದುಕೊಂಡು ಹೋಗಿದ್ದೆ. ಸಕ್ಕರೆ ಕಾಯಿಲೆ ಕಣ್ಣಿಗೆ ಇಳಿದಿತ್ತು. ಕೆಟ್ಟದ್ದು ಕೆಟ್ಟಿತು, ಉಳಿದದ್ದೂ ಒಂದೆರಡು ವರ್ಷ ಇದ್ದರೆ ಹೆಚ್ಚು ಎಂದು ಡಾಕ್ಟರು ಹೇಳಿದರು. ಆಗಲೇ ಅವರಿಗೆ ಮುಖಗಳು ಕಾಣುತ್ತಿರಲಿಲ್ಲ, ನಡುವೆ ಯಾರೋ ಒರೆಸಿಹಾಕಿದ ಹಾಗೆ. ಬಣ್ಣ ಕಾಣುತ್ತಿತ್ತು, ಹೊಳಪು ಕಾಣುತ್ತಿತ್ತು, ದೂರದಿಂದ ಬರುವವರ ಆಕಾರ ಕಾಣುತ್ತಿತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಅಬ್ಬಾ ಡಾಕ್ಟರ ಚೀಟಿಯನ್ನು ಮಡಚುತ್ತ, ಬಿಚ್ಚುತ್ತ ಕೂತಿದ್ದರು. ಕಳ್ಳಂಬೆಳ್ಳ ದಾಟಿದ ಮೇಲೆ ಇದ್ದಕ್ಕಿದ್ದಂತೆ, "ನಲವತ್ತು ವರ್ಷ ಡ್ರೆಸ್ ಕಟ್ಟಿದೆ ಬೇಟಾ. ಒಂದು ನಾಟ್ಕಾನೂ ಮುಂದ್ಗಡೆ ಕುಂತು ನೋಡ್ಲಿಲ್ಲ ನೋಡು" ಎಂದರು.

ನನಗೆ ಅರ್ಥವಾಗಲಿಲ್ಲ. "ಎಷ್ಟು ಸಾವಿರ ನಾಟ್ಕ ನೋಡಿದ್ದೀರಲ್ಲ ಅಬ್ಬಾ?"

"ಎಲ್ಲಿ ನೋಡ್ದೆ? ಪರದೆ ಹಿಂದೆ ನಿಂತ್ಕಂಡು ಬರೀ ಬೆನ್ನು ನೋಡಿದ್ದೀನಿ. ದಾರ ಬಿಚ್ಕಂತಾ, ಪಿನ್ನು ಬಿತ್ತಾ, ಅಷ್ಟೇ ನನ್ ನಾಟ್ಕ. ರಾಜ ಬಂದಾಗ ಜನ ಹೋ ಅಂತಾರೆ. ಯಾಕಂತಾರೆ ಅಂತ ಈವತ್ತಿಗೂ ನಂಗೊತ್ತಿಲ್ಲ."

ಹೇಳಿ ಅವರೇ ನಕ್ಕರು. ನನಗೆ ನಗು ಬರಲಿಲ್ಲ. "ಈ ಸೀಸನ್ನಲ್ಲಿ ಒಂದು ನಾಟ್ಕ ಮುಂದೆ ಕೂತು ನೋಡಿ ಅಬ್ಬಾ" ಎಂದೆ. "ಹಿಂದೆ ಡ್ರೆಸ್ ನೋಡ್ಕಳೋರು ಯಾರು?" ಎಂದರು. "ನಾನು" ಎಂದೆ. ಅವರು ಕಿಟಕಿಯ ಕಡೆ ತಿರುಗಿದರು. ಸೂಜಿಗೆ ದಾರ ಪೋಣಿಸಿ ಕೊಡುವುದು ಬಿಟ್ಟರೆ ನಾನು ಆವರೆಗೆ ಅಂಗಡಿಯಲ್ಲಿ ಮಾಡಿದ್ದು ಅಷ್ಟಕ್ಕಷ್ಟೆ. ನನ್ನ ಮೇಲೆ ನಂಬಿಕೆ ಹುಟ್ಟಿದರೆ ಅಬ್ಬಾ ಮುಂದೆ ಹೋಗಿ ಕೂರುತ್ತಾರೆ, ಇಲ್ಲದಿದ್ದರೆ ಇಲ್ಲ. ಅದೂ ಕಣ್ಣು ಇರುವಷ್ಟರೊಳಗೆ. ಆ ಬೇಸಿಗೆಯೆಲ್ಲ ನನ್ನ ತಲೆಯಲ್ಲಿ ಕೊರೆಯುತ್ತಿದ್ದದ್ದು ಇದೊಂದೇ.

ಹೊಂಗೆ ಹೂ ಬಿಟ್ಟು ರಸ್ತೆಯೆಲ್ಲ ಬಿಳಿ ಬಿಳಿ ಆಗಿದ್ದ ಕಾಲದಲ್ಲಿ ಹನುಮಕ್ಕ ನಮ್ಮಂಗಡಿಗೆ ಬಂದಳು. ಬುಕ್ಕಾಪಟ್ಟಣದ ಆಚೆ, ಕುರುಚಲು ಕಾಡಿನ ಅಂಚಿನ ಒಂದು ಹಳ್ಳಿಯ ಶಾಲೆಯಲ್ಲಿ ಬಿಸಿಯೂಟದ ಅಡುಗೆಯವಳು. ಅವಳ ಜೊತೆ ಸಂಘದ ಹೆಂಗಸರು ಏಳೆಂಟು ಜನ, ಅವರ ಹಿಂದೆ ಹಾರ್ಮೋನಿಯಂ ಪೆಟ್ಟಿಯ ಸಮೇತ ನಾಗಪ್ಪ ಮೇಷ್ಟ್ರು. ಮೇಷ್ಟ್ರು ವೈ.ಎನ್.ಹೊಸಕೋಟೆಯವರು, ಅರ್ಧ ಕನ್ನಡ ಅರ್ಧ ತೆಲುಗು. ತಾವೇ ಒಂದು ರಾಜರ ನಾಟಕ ಕಟ್ಟಿ ಈ ಹೆಂಗಸರಿಗೆ ಕಲಿಸುತ್ತಿದ್ದರು. ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುವುದು, ಮಧುಗಿರಿಯಲ್ಲಿ, ಮಟಮಟ ಮಧ್ಯಾಹ್ನ ಆಡುವುದು ಎಂದು ಗೊತ್ತಾಗಿತ್ತು. ಸಂಜೆಯೊಳಗೆ ಮನೆ ಸೇರಿ ಮುದ್ದೆ ತಿರುವಬೇಕಲ್ಲ!

"ಸಾಬ್ರೇ, ರಾಜಾಪಾರ್ಟು ನಂದೇ ಕಣ್ರೀ" ಎಂದಳು ಹನುಮಕ್ಕ, ಹೇಳುವಾಗಲೇ ಸೆರಗನ್ನು ಭುಜದ ಸುತ್ತ ಎಳೆದುಕೊಳ್ಳುತ್ತ. "ಮೇಷ್ಟ್ರು ಸಖಿ ಪಾರ್ಟು ತಕ್ಕ ಅಂದ್ರು. ಸಖಿ ಪಾರ್ಟು ಮನೇಲಿ ದಿನಾ ಮಾಡ್ತೀನಲ್ಲ, ಅದ್ಕೆ ಡ್ರೆಸ್ ಯಾಕೆ ಅಂದೆ."

ಮಾತು ಅವಳಿಗೆ ಕಂಠಪಾಠ. ಪದ್ಯವನ್ನು ಎತ್ತಿದರೆ ರಸ್ತೆಯಲ್ಲಿ ಹೋಗುವವರು ನಿಲ್ಲಬೇಕು, ಅಂಥ ಗಂಟಲು. ತೊಂದರೆ ಇದ್ದದ್ದು ನಡಿಗೆಯಲ್ಲಿ. ಕೈಗಳೆರಡನ್ನೂ ಹೊಟ್ಟೆಗೆ ಅಂಟಿಸಿಕೊಂಡು, ನೆಲ ನೋಡಿಕೊಂಡು, ಪುಟುಪುಟು ಹೆಜ್ಜೆ. ಮೇಷ್ಟ್ರು ತಲೆ ಚಚ್ಚಿಕೊಂಡರು. "ಏಮಮ್ಮಾ ಇದು, ರಾಜು ನಡೆದಂಗೈತಾ? ನೀಳ್ಳು ಬಿಂದಿಗೆ ತರಾಕೆ ಹೋದಂಗೈತಲ್ಲಮ್ಮಾ!" ಎಲ್ಲರೂ ನಕ್ಕರು. ಹನುಮಕ್ಕನೂ ನಕ್ಕಳು, ಆದರೆ ಕಣ್ಣಂಚು ಒದ್ದೆಯಾಗಿತ್ತು. ನಾನು ನಗುವುದನ್ನು ನಿಲ್ಲಿಸಿದೆ, ಏಕೆಂದರೆ ನಮ್ಮ ಬೀದಿಯಲ್ಲಿ ನಾನೂ ಹಾಗೇ ನಡೆಯುತ್ತಿದ್ದೆ.

ಅಬ್ಬಾ ಅವಳಿಗಾಗಿ ತೆಗೆದದ್ದು ಅಂಗಡಿಯಲ್ಲಿ ಎಲ್ಲಕ್ಕಿಂತ ಹಳೆಯ, ಎಲ್ಲಕ್ಕಿಂತ ಚೆಂದದ ಅಂಗಿ. ಕುಂಕುಮ ಬಣ್ಣದ ಮಖಮಲ್ಲು, ಎದೆಯ ತುಂಬ ಜರಿ. ಹನುಮಕ್ಕ ತೊಟ್ಟರೆ ಅದರೊಳಗೆ ಇನ್ನೊಬ್ಬ ಹನುಮಕ್ಕ ಹಿಡಿಯುವಷ್ಟು ಜಾಗ ಉಳಿಯಿತು. "ಇದನ್ನ ಹಿಡಿಸ್ಬೇಕು, ನಾಳೆ ನೋಡಾನ" ಎಂದು ಅಬ್ಬಾ ಅದನ್ನು ಮೊಳೆಗೆ ಸಿಕ್ಕಿಸಿದರು.

ಮರುದಿನ ಜುಮ್ಮಾ. ಅಬ್ಬಾ ಮಸೀದಿಗೆ ಹೋಗಿದ್ದರು. ನನ್ನ ಕೆಲಸ ತೋರಿಸಲು ಇದೇ ಸಮಯ ಎಂದುಕೊಂಡೆ. ಟೈಲರಿಂಗ್ ಕ್ಲಾಸಿನಲ್ಲಿ ಫಸ್ಟ್ ಕ್ಲಾಸು ಬಂದವಳು ನಾನು, ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಹೊಡೆಸಿದ್ದೆ. ಹನುಮಕ್ಕನ ಅಳತೆ ಇಟ್ಟುಕೊಂಡು, ಸೀಮೆಸುಣ್ಣದಲ್ಲಿ ಗೆರೆ ಎಳೆದು, ಎರಡೂ ಕಂಕುಳ ಕಡೆಯಿಂದ, ಭುಜದ ಕಡೆಯಿಂದ ಹೆಚ್ಚಾದ ಬಟ್ಟೆಯನ್ನೆಲ್ಲ ಕತ್ತರಿಸಿ, ಅಚ್ಚುಕಟ್ಟಾಗಿ ಮಿಷನ್ ಹಾಕಿದೆ. ಸಂಜೆ ಹನುಮಕ್ಕ ಬಂದು ತೊಟ್ಟಳು. ಅಳೆದು ಸುರಿದ ಹಾಗೆ ಕೂತಿತು. "ಹೆಂಗೊಪ್ಪುತ್ತೆ ನೋಡು" ಎಂದು ಹೆಂಗಸರೆಲ್ಲ ಹೊಗಳಿದರು. ನನ್ನ ಕಾಲು ನೆಲದ ಮೇಲಿರಲಿಲ್ಲ.

"ನಡೀಮ್ಮ" ಎಂದರು ಅಬ್ಬಾ.

ಅವಳು ಅಂಗಡಿಯ ಈ ಕೊನೆಯಿಂದ ಆ ಕೊನೆಗೆ ನಡೆದಳು. ಅಬ್ಬಾ ಕಣ್ಣು ಕಿರಿದು ಮಾಡಿ ನೋಡಿದರು. "ಹನುಮಕ್ಕ ನಡೀತಾವ್ಳೆ" ಎಂದರು. ಮತ್ತೆ ಹತ್ತಿರ ಹೋಗಿ ಅಂಗಿಯ ಒಳಗೆ ಬೆರಳಾಡಿಸಿದರು. ಬೆರಳು ಒಂದು ಕಡೆ ನಿಂತಿತು, ಇನ್ನೊಂದು ಕಡೆ ಹುಡುಕಿತು. ಆಮೇಲೆ ನನ್ನ ಕಡೆ ತಿರುಗಿ ಬಹಳ ಮೆಲ್ಲಗೆ ಕೇಳಿದರು, "ಕತ್ರಿ ಹಾಕ್ಬುಟ್ಯಾ?"

ಅಬ್ಬಾ ಕಿರುಚಿದ್ದರೆ ಚೆನ್ನಾಗಿತ್ತು. ಕಿರುಚಲಿಲ್ಲ. ಎಲ್ಲರೂ ಹೋದ ಮೇಲೆ ಅಂಗಿಯನ್ನು ಒಳಮೈ ಹೊರಗೆ ಮಾಡಿ ನನ್ನ ಮಡಿಲಲ್ಲಿ ಹಾಕಿದರು. ನಾನು ಕತ್ತರಿಸದೆ ಬಿಟ್ಟ ಕಡೆ ಸಾಲು ಸಾಲು ಹೊಲಿಗೆ, ಒಂದೊಂದು ಒಂದೊಂದು ಬಣ್ಣದ ದಾರದ್ದು. ನೀಲಿ ದಾರ ಪಟ್ಟನಾಯಕನಹಳ್ಳಿಯ ಸಣಕಲು ರಾಜನಿಗೆ ಹಿಡಿಸಿದ್ದು. ಬಿಳಿ ದಾರ ಪಾವಗಡದ ಡೊಳ್ಳುಹೊಟ್ಟೆಯ ರಾಜನಿಗೆ ಬಿಚ್ಚಿ ಹೊಲಿದದ್ದು. ಡ್ರೆಸ್ಸಿನ ಅಂಗಿಗೆ ಕತ್ತರಿ ಮುಟ್ಟಿಸುವುದಿಲ್ಲ, ಒಳಗೆ ಮಡಚುವುದು, ಮುಂದಿನವನಿಗೆ ಬಿಚ್ಚುವುದು. ನನ್ನ ತಾತ ಹೊಲಿದಾಗಿನಿಂದ ಆ ಅಂಗಿ ಹಾಗೇ ಬದುಕಿತ್ತು.

"ಮೈಗೆ ತಕ್ಕಂಗೆ ಅಂಗಿ ಹೊಲಿಯೋದು ಮದ್ವೆ ಮನೆಗೆ" ಎಂದರು ಅಬ್ಬಾ. "ಇಲ್ಲಿ ಹಂಗಲ್ಲ. ಅಂಗಿ ದೊಡ್ದಾಗೇ ಇರ್ಬೇಕು. ಅದ್ನ ತುಂಬ್ಸಕ್ಕೆ ಅಂತ ಒಳಗಿರೋರು ಬೆಳೀತಾರೆ. ನೀನು ಅವಳ್ಗೆ ಬೆಳೆಯಾಕೆ ಜಾಗಾನೇ ಮಡಗಲಿಲ್ಲ." ಎದ್ದು ಚಪ್ಪಲಿ ಮೆಟ್ಟುತ್ತ, "ಮಧುಗಿರೀಲಿ ಹಿಂದ್ಗಡೆ ನಾನೇ ಇರ್ತೀನಿ ಬುಡು" ಎಂದರು.

ಆ ಮಾತು ಬೈಗುಳಕ್ಕಿಂತ ಜೋರಾಗಿ ತಾಗಿತು. ಅಮ್ಮಿ ಕರೆದರೂ ಊಟಕ್ಕೆ ಏಳಲಿಲ್ಲ. ಬೆಳಗಾಗುತ್ತಲೇ ಚಿಂದಿಯ ಚೀಲವನ್ನು ನೆಲಕ್ಕೆ ಸುರಿದು, ನಾನು ಕತ್ತರಿಸಿ ಎಸೆದ ಮಖಮಲ್ ಚೂರುಗಳನ್ನು ಒಂದೊಂದಾಗಿ ಹೆಕ್ಕಿದೆ. ಪುಣ್ಯಕ್ಕೆ ಎಲ್ಲವೂ ಸಿಕ್ಕವು. ಅವನ್ನು ಮತ್ತೆ ಅಂಗಿಗೆ ಕೂಡಿಸಲು ಕೂತೆ. ಮಿಷನ್ ಬೇಡ, ಕೈಹೊಲಿಗೆ ಎಂದರು ಅಬ್ಬಾ. ನಾನು ಹೊಲಿಯುವುದು, ಅವರು ಕಣ್ಣು ಮುಚ್ಚಿಕೊಂಡು ಬೆರಳಾಡಿಸುವುದು. ಕೂಡಿಕೆ ಬೆರಳಿಗೆ ಸಿಕ್ಕಿದರೆ "ಬಿಚ್ಚು" ಎನ್ನುವುದು. ಎಂಟು ದಿನ ಇದೇ ಆಯಿತು. ಹೊರಗೆ ಸಿರಾದ ಬಿಸಿಲು, ಮೇಲೆ ತಗಡು, ಮಡಿಲಲ್ಲಿ ಮಖಮಲ್ಲು. ಬೆವರು ಬಟ್ಟೆಯ ಮೇಲೆ ಬೀಳಬಾರದೆಂದು ಹಣೆಗೆ ದುಪಟ್ಟಾ ಬಿಗಿದುಕೊಂಡು ಕೂರುತ್ತಿದ್ದೆ. ನನ್ನ ಬೆರಳ ತುದಿಗಳು ಜರಡಿಯಾದವು. ಎಷ್ಟು ಸಲ ಬಿಚ್ಚಿದೆನೋ ಲೆಕ್ಕವಿಲ್ಲ. ಆದರೂ ಈಗ ಯಾರಾದರೂ ಬಂದು ನಿನ್ನ ಜೀವಮಾನದಲ್ಲಿ ಯಾವ ಎಂಟು ದಿನ ವಾಪಸು ಬೇಕು ಎಂದು ಕೇಳಿದರೆ ನಾನು ಅವನ್ನೇ ಕೇಳುತ್ತೇನೆ. ಅಬ್ಬಾರ ಬೆರಳು ನನ್ನ ಕೆಲಸದ ಮೇಲೆ ಅಷ್ಟು ಹೊತ್ತು ಓಡಾಡಿದ್ದು ಅದೇ ಮೊದಲು, ಅದೇ ಕೊನೆ. ಎಂಟನೆಯ ದಿನ ಬೆರಳು ಭುಜದಿಂದ ಸೊಂಟದವರೆಗೆ ಎಲ್ಲೂ ನಿಲ್ಲದೆ ಜಾರಿತು. ಅಬ್ಬಾ ಇನ್ನೊಮ್ಮೆ ನೋಡಿ, "ಚಾ ಹೇಳು, ಇಬ್ರಿಗೂ" ಎಂದರು. ಅವರು ಹೊಗಳುವ ರೀತಿಯೇ ಅದು.

ಇತ್ತ ಹನುಮಕ್ಕನ ನಡಿಗೆಗೂ ಅಬ್ಬಾ ಒಂದು ಮದ್ದು ಮಾಡಿದ್ದರು. ರಾಜನ ಎರಡೂ ಹೆಗಲ ಮೇಲೆ ರೆಕ್ಕೆಯ ಹಾಗೆ ನಿಲ್ಲುವ ಮರದ ಭುಜಕೀರ್ತಿಗಳನ್ನು ಅವಳ ಕೈಗೆ ಕೊಟ್ಟು, "ಮನೇಗೆ ತಕ್ಕಂಡೋಗು. ಸೀರೆ ಮೇಲೇ ಕಟ್ಕಂಡು ಕೆಲ್ಸ ಮಾಡು" ಎಂದರು. ಅದನ್ನು ಕಟ್ಟಿಕೊಂಡರೆ ಕೈ ಹೊಟ್ಟೆಗೆ ಅಂಟುವುದಿಲ್ಲ, ತಾನಾಗಿ ಅಗಲವಾಗುತ್ತದೆ. ಬಗ್ಗಿದರೆ ಕಿವಿಗೆ ತಿವಿಯುತ್ತದೆ, ಹಾಗಾಗಿ ಬೆನ್ನು ನೆಟ್ಟಗಾಗಲೇಬೇಕು. ನಾಲ್ಕು ದಿನ ಬಿಟ್ಟು ಬಂದ ಹನುಮಕ್ಕ ನಕ್ಕು ನಕ್ಕು ಹೇಳಿದಳು. "ಸ್ಕೂಲಲ್ಲಿ ಇದನ್ನ ಕಟ್ಕಂಡೇ ಸಾರು ಬಡಿಸ್ದೆ ಸಾಬ್ರೇ. ಮೊದ್ಲು ಹುಡುಗ್ರು ಹೋ ಅಂತ ಕೂಗಿದ್ವು. ಆಮೇಲೆ ನೋಡಿದ್ರೆ ಒಂದೂ ಉಸಿರಿಲ್ಲ, ಲೈನಾಗಿ ಕುಂತಾವೆ! ಹೆಡ್‌ಮೇಷ್ಟ್ರ ಹತ್ರ ಉಗ್ರಾಣದ ಬೀಗದ ಕೈ ಕೇಳಾಕೆ ಹೋದೆ. ಅವ್ರು ಏನೋ ಬರೀತಿದ್ದೋರು ಚೇರಿಂದ ಎದ್ದೇ ನಿಂತ್ಬುಟ್ರು! ನಿಂತ್ಮೇಲೆ ಅವ್ರಿಗೇ ನಾಚ್ಕೆ ಆಗೋಯ್ತು ಪಾಪ." ಹೇಳುತ್ತ ಅವಳು ನಿಂತಿದ್ದ ಠೀವಿ ನೋಡಿ ನಾನೂ ಸ್ಟೂಲಿನಿಂದ ಎದ್ದಿದ್ದೆ.

ಟ್ರಯಲ್ಲಿನ ದಿನ ಪೂರ್ತಿ ಡ್ರೆಸ್ಸಿನಲ್ಲಿ ಅವಳನ್ನು ನಡೆಸಿದರು. ಅಂಗಿ ದೊಡ್ಡದಾಗಿತ್ತು, ಆದರೆ ಯಾರಿಗೂ ಹಾಗೆ ಕಾಣಲಿಲ್ಲ. ಮೇಷ್ಟ್ರು ಹಾರ್ಮೋನಿಯಂ ನಿಲ್ಲಿಸಿ "ಬಾಗುಂದಮ್ಮಾ, ಚಾಲಾ ಬಾಗುಂದಿ" ಎಂದು ಎರಡು ಸಲ ಹೇಳಿದರು. ಅಬ್ಬಾ ಬಾಗಿಲ ಹತ್ತಿರ ನಿಂತು ನೋಡುತ್ತಿದ್ದರು. "ಇವಳು ಯಾರೋ ನಂಗೆ ಗುರ್ತಿಲ್ಲ" ಎಂದರು. ಅದು ಅವರ ಬಾಯಿಂದ ಬರಬಹುದಾದ ಅತಿ ದೊಡ್ಡ ಮೆಚ್ಚುಗೆ. ಮುಖ ಕಾಣದವರಾದ್ದರಿಂದ ಆಗೆಲ್ಲ ಅವರು ಜನರನ್ನು ಗುರುತು ಹಿಡಿಯುತ್ತಿದ್ದದ್ದು ನಡಿಗೆಯಿಂದಲೇ. ಆ ಸಂಜೆ ಬೀಗ ಹಾಕುವಾಗ, ತಾವಾಗಿಯೇ, "ಮಧುಗಿರೀಲಿ ನಂಗೆ ಎಲ್ಲಿ ಸೀಟು?" ಎಂದು ಕೇಳಿದರು. ನಾನು ಬೀಗ ಹಿಡಿದುಕೊಂಡೇ ಅತ್ತುಬಿಟ್ಟೆ.

ನಾಟಕದ ದಿನ ಮಧುಗಿರಿಯ ಬೆಟ್ಟ ಕಾದು, ಅದರ ಝಳ ಊರಿನ ಮೇಲೆ ಬೀಳುತ್ತಿತ್ತು. ಶೀಟಿನ ಚಾವಣಿಯ ಸಮುದಾಯ ಭವನ, ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಿ ಒಳಗೆ ದೀಪ ಹಾಕಿದ್ದರು. ಟೆಂಪೋಗಳಲ್ಲಿ ಬಂದ ಹೆಂಗಸರು, ಮಕ್ಕಳು, ಬಂದದ್ದಕ್ಕೆ ತಾವೇ ಮುಜುಗರಪಡುತ್ತಿದ್ದ ಗಂಡಂದಿರು. ಅಬ್ಬಾ ಈದ್‌ಗೆ ಹಾಕುವ ಬಿಳಿ ಅಂಗಿ ಹಾಕಿಕೊಂಡು, ಅತ್ತರು ಹಚ್ಚಿಕೊಂಡು ಬಂದಿದ್ದರು. ಒಂದೊಂದು ಗಂಟನ್ನೂ ಮುಟ್ಟಿ ನೋಡಿದರು. ಆಮೇಲೆ ಕಿರೀಟವನ್ನು ನನ್ನ ಕೈಗೆ ಕೊಟ್ಟು, "ನೀನೇ ಇಡು" ಎಂದು ಹೇಳಿ, ನಾನು ಇಡುವುದನ್ನು ನೋಡಲೂ ನಿಲ್ಲದೆ ಗೋಡೆ ಹಿಡಿದುಕೊಂಡು ಹೊರಟರು. ಓಡಿಹೋಗಿ ಮೂರನೇ ಸಾಲಿನ ನಡುವಿನ ಕುರ್ಚಿಯಲ್ಲಿ ಕೂರಿಸಿ ಬಂದೆ. ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಮೊದಲನೇ ದಿನ ಸ್ಕೂಲಿಗೆ ಬಂದವರ ಹಾಗೆ ಕೂತಿದ್ದರು.

ಹನುಮಕ್ಕನ ತಲೆಯ ಮೇಲೆ ಕಿರೀಟ ಇಟ್ಟೆ. ಎರಡು ಹೆಜ್ಜೆ ಹಿಂದೆ ಸರಿದು "ಅಪ್ಪಣೆ, ಪ್ರಭು" ಎಂದೆ. ಬೆಳಗ್ಗೆಯಷ್ಟೇ ನನ್ನ ಜಡೆ ಹೆಣೆದುಕೊಟ್ಟಿದ್ದ ಹನುಮಕ್ಕ ನನ್ನನ್ನು ನೋಡಿದ ನೋಟಕ್ಕೆ ಮೈ ಜುಂ ಎಂದಿತು. ಪರದೆ ಎದ್ದಿತು. ಆಚೆ ಕಡೆ ಹೋ ಎಂಬ ಸದ್ದು, ಶಿಳ್ಳೆ. ಅವಳ ಅತ್ತೆ, ಬಂದಾಗಿನಿಂದ ಮುಖ ಗಂಟುಹಾಕಿಕೊಂಡಿದ್ದವಳು, ಎದ್ದು ಸೆರಗು ತಲೆಗೆ ಹೊದ್ದು ಕೈಮುಗಿದಳಂತೆ. ನನಗೆ ಇದೆಲ್ಲ ಆಮೇಲೆ ತಿಳಿದದ್ದು. ನಾನು ನೋಡುತ್ತಿದ್ದದ್ದು ಬೆನ್ನು.

ಬೆನ್ನು ನೋಡುತ್ತಿದ್ದದ್ದರಿಂದಲೇ ನನಗೆ ಅದು ಕಂಡಿತು. ಮೂರನೇ ಸೀನು ಶುರುವಾಗುವ ಹೊತ್ತಿಗೆ ಎಡಗಡೆಯ ಭುಜಕೀರ್ತಿ ಒಂದು ಬೆರಳು ಕೆಳಗಿಳಿದಿತ್ತು. ಅದನ್ನು ಹಿಡಿದಿದ್ದ ಪಟ್ಟಿಯ ಹೊಲಿಗೆ ಬಿಟ್ಟುಕೊಂಡಿತ್ತು. ಮಖಮಲ್ಲಿಗೆ ಎಂಟು ದಿನ ಕೂತ ನಾನು ಆ ಪಟ್ಟಿಗೆ ಒಂಟಿದಾರ ಹಾಕಿ ಕೈತೊಳೆದುಕೊಂಡಿದ್ದೆ. ಅಬ್ಬಾ ಗಂಟುಗಳನ್ನು ಮುಟ್ಟಿ ನೋಡಿದ್ದರು, ಪಟ್ಟಿಯನ್ನು ನನ್ನ ಮೇಲಿನ ನಂಬಿಕೆಯಿಂದ ಬಿಟ್ಟಿದ್ದರು. ಹನುಮಕ್ಕ ಪಕ್ಕದ ಪರದೆಯ ಹಿಂದಕ್ಕೆ ಬಂದ ಅರ್ಧ ನಿಮಿಷದಲ್ಲಿ, ನಾನು ಬಿಕ್ಕುತ್ತ "ಪ್ರಭು, ಭುಜ ಬೀಳ್ತೈತೆ" ಎಂದೆ. ಮರದ ಭಾರಕ್ಕೆ ಪಿನ್ನು ನಿಲ್ಲುವುದಿಲ್ಲ, ಹೊಲಿಯಲು ಸಮಯವಿರಲಿಲ್ಲ, ಮೇಷ್ಟ್ರು ಆಗಲೇ ಮುಂದಿನ ಪದ್ಯದ ಶ್ರುತಿ ಎತ್ತಿದ್ದರು. ಮರದ ಭುಜಕೀರ್ತಿ ಸಭೆಯ ಸೀನಿನ ನಡುವೆ ಧಡ್ ಎಂದು ಬಿದ್ದರೆ ರಾಜನೂ ಬಿದ್ದಂತೆ. ಮೂರನೇ ಸಾಲಿನಲ್ಲಿ ಕೂತ ಅಬ್ಬಾ ಎದ್ದು ಒಳಗೆ ಓಡಿಬರುತ್ತಾರೆ, ಮತ್ತೆ ಯಾವತ್ತೂ ಮುಂದೆ ಕೂರುವುದಿಲ್ಲ.

ಹನುಮಕ್ಕ ಗಾಬರಿಯಾಗಲಿಲ್ಲ. ಅವಳು ಆಗ ಹನುಮಕ್ಕನಾಗಿದ್ದರೆ ತಾನೇ. "ಚಾಮರ ತಕ್ಕಂಡು ಹಿಂದೆ ಬಾ" ಎಂದು ಅಪ್ಪಣೆ ಮಾಡಿದಳು.

ನಾನು ಯೋಚಿಸಲಿಲ್ಲ. ಸಖಿಯ ಕೆಂಪು ಸೀರೆಯನ್ನು ಚೂಡಿದಾರದ ಮೇಲೇ ಸುತ್ತಿ, ಡಾಬು ಬಿಗಿದು, ಬಲಗೈಯಲ್ಲಿ ಚಾಮರ ಹಿಡಿದೆ. ಎಡಗೈಯನ್ನು ಅವಳ ಇಳಿಬಿದ್ದ ಟೋಪನ್ ಕೂದಲಿನ ಕೆಳಗೆ ತೂರಿಸಿ, ಬಿಟ್ಟುಕೊಂಡ ಪಟ್ಟಿಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ರಂಗಕ್ಕೆ ನಡೆದುಬಿಟ್ಟೆ.

ದೀಪ ಕಣ್ಣಿಗೆ ಹೊಡೆಯುತ್ತಿತ್ತು, ಆಚೆ ಕತ್ತಲು, ಜನರ ಉಸಿರು ಮಾತ್ರ. ರಾಜ ಉದ್ದದ ಹೆಜ್ಜೆ ಇಟ್ಟರೆ ನಾನೂ ಅಷ್ಟೇ ಉದ್ದ ಇಡಬೇಕು. ಒಂದು ಗೇಣು ಹಿಂದೆ ಬಿದ್ದರೂ ಪಟ್ಟಿ ಎಳೆದು ಭುಜ ವಾಲುತ್ತದೆ. ತಲೆ ತಗ್ಗಿಸಿದರೆ ಕೈ ಇಳಿಯುತ್ತದೆ, ಹಾಗಾಗಿ ತಲೆ ಎತ್ತಿಯೇ ಇರಬೇಕು. ರಂಗದ ಸುತ್ತ ಒಂದು ಸುತ್ತು ಬರುವ ತನಕ ಹೆದರಿಕೆ. ಎರಡನೆಯ ಸುತ್ತಿಗೆ ಹೆಜ್ಜೆ ತಾನಾಗಿ ಬೀಳತೊಡಗಿತು. ಮೂರನೆಯ ಸುತ್ತಿಗೆ ನನಗೆ ಪಟ್ಟಿಯ ನೆನಪೇ ಇರಲಿಲ್ಲ. ಸಿರಾದ ಬೀದಿ, ಬರಬೇಕಾದ ನೇಮಕಾತಿ, ಯಾರು ನೋಡಿದರು ಯಾರು ಏನಂದರು, ಯಾವುದೂ ಇರಲಿಲ್ಲ. ಅಷ್ಟು ಅಗಲದ ಜಾಗದಲ್ಲಿ ಅಷ್ಟು ದೊಡ್ಡ ಹೆಜ್ಜೆ ಇಟ್ಟು ನಡೆಯುವುದು ಇಷ್ಟು ಸುಖ ಎಂದು ಯಾರೂ ನನಗೆ ಹೇಳಿರಲಿಲ್ಲ. ಇಪ್ಪತ್ತು ನಿಮಿಷದ ಸೀನು. ಪರದೆ ಬಿದ್ದಾಗ ಮುಷ್ಟಿ ಬಿಡಿಸಲು ಬರಲಿಲ್ಲ, ಹನುಮಕ್ಕ ಒಂದೊಂದೇ ಬೆರಳು ಬಿಡಿಸಿದಳು. ಅವಳಿಗೂ ಮೇಷ್ಟ್ರಿಗೂ ಕೈಮುಗಿದು ಬೇಡಿಕೊಂಡೆ, ಅಬ್ಬಾಗೆ ಮಾತ್ರ ಹೇಳಬೇಡಿ ಎಂದು.

ಸಂಜೆ ಸಿರಾದ ಬಸ್ಸಿನಲ್ಲಿ ಅಬ್ಬಾ ಸುಮ್ಮನಿರಲೇ ಇಲ್ಲ. ನನ್ನ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡೇ ಮಾತಾಡಿದರು. "ಯಾಕೆ ಹೋ ಅಂತಾರೆ ಅಂತ ಗೊತ್ತಾಯ್ತು ಬೇಟಾ. ಆ ಕುಂಕುಮ ಬಣ್ಣ ದೀಪದಲ್ಲಿ ಹಂಗೆ ಉರಿಯುತ್ತೆ ಅಂತ ನಿಮ್ಮ ತಾತಂಗೂ ಗೊತ್ತಿರ್ಲಿಲ್ಲ ಅನ್ಸುತ್ತೆ. ಒಂದು ದಾರ ಬಿಡ್ಲಿಲ್ಲ, ಒಂದು ಪಿನ್ನು ಬೀಳ್ಲಿಲ್ಲ. ನಾನು ಹಿಂದ್ಗಡೆ ನೆನಪೇ ಮಾಡ್ಕಳ್ಳಿಲ್ಲ, ನೀನಿದ್ದೀಯ ಅಂತ." ನಾನು ತಲೆ ತಗ್ಗಿಸಿ ಕೂತಿದ್ದೆ. ಸ್ವಲ್ಪ ದೂರ ಹೋದ ಮೇಲೆ ಕೇಳಿದರು, "ಆ ಚಾಮರ ಬೀಸೋ ಹುಡುಗಿ ಯಾರು?"

"ಅವಳ ಮುಖ ಕಾಣ್ತಾ ಅಬ್ಬಾ?" ಎಂದೆ.

"ಮುಖ ಎಲ್ಲಿ ಕಾಣ್ತು ನಂಗೆ? ನಡಿಗೆ ಕಾಣ್ತು. ರಾಜನ ಹಿಂದೆ ಬರೋಳು ಅಂಗೆ ನಡೀಬಾರ್ದು, ನಾನೇ ರಾಣಿ ಅನ್ನಂಗೆ ನಡೆದ್ಲು! ತಲೆ ತಗ್ಗಿಸ್ಲೇ ಇಲ್ಲ. ಅಂಥ ನಡಿಗೆ ನಮ್ಮ ಕಡೆ ಯಾವ ಹುಡುಗೀದೂ ನೋಡಿಲ್ಲ ನಾನು. ಯಾರ ಮಗಳೋ, ಪುಣ್ಯವಂತ್ರು."

ಬಾಯಿಯ ತನಕ ಬಂದಿತ್ತು. ಹೇಳಿದರೆ, ನೀನು ರಂಗಕ್ಕೆ ಯಾಕೆ ಹೋದೆ ಎನ್ನುತ್ತಾರೆ. ಪಟ್ಟಿ ಬಿಟ್ಟುಕೊಂಡದ್ದನ್ನು ಹೇಳಬೇಕಾಗುತ್ತದೆ. ಮುಂದೆ ಕೂತು ನೋಡಿದ ಒಂದೇ ಒಂದು ನಾಟಕಕ್ಕೂ ಕಲ್ಲು ಬೀಳುತ್ತದೆ. "ಗೊತ್ತಿಲ್ಲ ಅಬ್ಬಾ, ಬುಕ್ಕಾಪಟ್ಟಣದ ಕಡೆಯವಳಿರ್ಬೇಕು" ಎಂದೆ.

ಮುಂಗಾರು ಬೀಳುವ ಹೊತ್ತಿಗೆ ನನ್ನ ನೇಮಕಾತಿ ಪಟ್ಟಿ ಬಂತು. ಪಾವಗಡದ ಆಚೆ ಕೆಲಸಕ್ಕೆ ಹೋದೆ, ಆಮೇಲೆ ಮದುವೆ, ಮಗ, ವರ್ಗ. ಇನ್ನೊಂದು ಸೀಸನ್ನಿಗೆ ಕಾಯದೆ ಅಬ್ಬಾರ ಕಣ್ಣು ಪೂರ್ತಿ ಹೋಯಿತು. ಮಧುಗಿರಿಯದೇ ಅವರು ಮುಂದೆ ಕೂತು ನೋಡಿದ ಮೊದಲ ಮತ್ತು ಕೊನೆಯ ನಾಟಕ. ಅಂಗಡಿಗೆ ಬಂದವರಿಗೆಲ್ಲ ಅದನ್ನು ಹೇಳಿದರು. ಮೊದಲು ಹನುಮಕ್ಕನ ಗತ್ತು, ಆಮೇಲೆ ಚಾಮರದ ಹುಡುಗಿ. ಬರಬರುತ್ತ ಹನುಮಕ್ಕ ಹಿಂದಾಗಿ ಆ ಹುಡುಗಿಯೇ ಮುಂದಾದಳು. ರಜೆಗೆ ಬಂದಾಗಲೆಲ್ಲ ಇವತ್ತು ಹೇಳಿಬಿಡುತ್ತೇನೆ ಎಂದುಕೊಳ್ಳುತ್ತಿದ್ದೆ. ಕೇಳುತ್ತ ಕೇಳುತ್ತ ನನಗೇ ಅವಳು ಬೇರೆ ಯಾರೋ ಅನ್ನಿಸತೊಡಗಿದ್ದಳು. ಅವಳ ಮೇಲೆ ಹೊಟ್ಟೆಕಿಚ್ಚೂ ಆಗುತ್ತಿತ್ತು.

ಅಬ್ಬಾ ತೀರಿಹೋಗುವ ಮುಂಚಿನ ಈದ್‌ಗೆ ಊರಿಗೆ ಹೋಗಿದ್ದೆ. ಮನೆಯ ಮುಂದಿನ ಜಗಲಿಯಲ್ಲಿ ಕೂತು ನನ್ನ ಮಗನಿಗೆ ಆ ನಾಟಕದ ಕಥೆ ಹೇಳುತ್ತಿದ್ದರು. ನಾನು ಪಕ್ಕದಲ್ಲೇ ಕೂತು ಸೇಮ್ಯಾ ಪಾಯಸದ ಬಟ್ಟಲುಗಳನ್ನು ಒರೆಸುತ್ತಿದ್ದೆ. "ಆ ಹುಡುಗಿ ಈಗ ಎಲ್ಲಿದ್ದಾಳೋ" ಎಂದರು, ಮಗನನ್ನಲ್ಲ, ಗಾಳಿಯನ್ನು ಕೇಳುವವರ ಹಾಗೆ. "ಇನ್ನೊಂದ್ಸಲ ಅವಳ ನಡಿಗೆ ನೋಡ್ಬೇಕಿತ್ತು." ನನಗೆ ಅಲ್ಲಿ ಕೂರಲಾಗಲಿಲ್ಲ. ಬಟ್ಟಲುಗಳನ್ನು ಎದೆಗೆ ಒತ್ತಿಕೊಂಡು, ಸದ್ದಾಗದ ಹಾಗೆ ಸಣ್ಣ ಸಣ್ಣ ಹೆಜ್ಜೆ ಇಟ್ಟು ಒಳಗೆ ಹೊರಟೆ.

"ಯಾರದು, ಪರ್ವೀನಾ?" ಎಂದರು ಅಬ್ಬಾ. ನಾನು ನಿಂತೆ. ಅವರು ನನ್ನ ಕಡೆಗೆ ಮುಖ ತಿರುಗಿಸಿ ನಕ್ಕರು. "ನಿನ್ನ ಹೆಜ್ಜೆ ನಂಗೆ ಗೊತ್ತಾಗಲ್ವಾ ಬೇಟಾ."